ಬಯಲುಸೀಮೆಯ ಕೋಟೆ, ಅದರ ತೋಟ



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬಾಳಿದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಶೇಂಗಾ ಬಳ್ಳಿ ಬಾಡುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಇಂಥ ಒಣನೆಲದ ನೆರೆಯಲ್ಲೇ ಒಂದು ಕಾಲಕ್ಕೆ ಅರಸೊತ್ತಿಗೆಯ ಉದ್ಯಾನವೊಂದು ನಳನಳಿಸುತ್ತಿತ್ತೆಂದರೆ ನಂಬುವಿರಾ?

ಚಳ್ಳಕೆರೆಯಿಂದ ದಕ್ಷಿಣಕ್ಕೆ, ಹಿರಿಯೂರನ್ನು ದಾಟಿದರೆ ಶಿರಾ ಸಿಗುತ್ತದೆ. ಅಲ್ಲಿನ ಕೋಟೆಯ ಕೆಲಸ ಆರಂಭಿಸಿದವನು ಕಸ್ತೂರಿ ರಂಗಪ್ಪ ನಾಯಕ. ಆ ಬಳಿಕ ಊರು ಬಿಜಾಪುರದವರ ವಶವಾಯಿತು. 1687ರಲ್ಲಿ ಮೊಗಲರು ಅದನ್ನು ಪ್ರಾಂತದ ರಾಜಧಾನಿಯಾಗಿ ಮಾಡಿಕೊಂಡರು. ಅವರ ಸುಬೇದಾರರಲ್ಲಿ ಹೆಸರಾದ ದಿಲಾವರ್ ಖಾನನ ಕಾಲದಲ್ಲಿ ಶಿರಾ ಉಚ್ಛ್ರಾಯಕ್ಕೇರಿತು. ಅವನ ಅರಮನೆಯೂ ‘ಖಾನ್ ಬಾಗ್’ ಎಂಬ ತೋಟವೂ ಆ ವೈಭವದ ಕುರುಹುಗಳಾಗಿದ್ದವು. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಆ ಅರಮನೆಯೇ ಮಾದರಿಯೆಂದೂ, 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಖಾನ್ ಬಾಗ್ ಪ್ರೇರಣೆಯಾಗಿರಬಹುದೆಂದೂ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ.

ಆ ಬಗೆಯ ತೋಟ ಹೇಗಿರುತ್ತಿತ್ತು? 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ರಾಜೋದ್ಯಾನಗಳನ್ನು ವರ್ಣಿಸಿದ್ದಾನೆ. ಚೌಕಾಕಾರದ ಮಡಿಗಳು, ಅವುಗಳ ನಡುವೆ ಹಾದಿಗಳು, ಹಾದಿಯ ಇಕ್ಕೆಲದಲ್ಲಿ ಸೈಪ್ರೆಸ್ ಮರಗಳು. ಒಂದು ಮಡಿಯಲ್ಲಿ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆ. ನೀರಿನ ಕೊರತೆಯೇ ಈ ತೋಟಗಳ ದೊಡ್ಡ ದೋಷವೆಂಬುದನ್ನೂ ಅವನು ಗುರುತಿಸಿದ. ಹೈದರನ ತೋಟಕ್ಕೆ ಕೆರೆಯ ನೀರಿತ್ತು. ಟಿಪ್ಪುವಿನ ತೋಟಕ್ಕೆ ಎತ್ತು ಕಟ್ಟಿ ಕಪಿಲೆಯಿಂದ ಬಾವಿಯ ನೀರೆತ್ತಬೇಕಿತ್ತು. ಹೆಸರು ದೊರೆಯದು, ಹಸುರು ಮಾತ್ರ ಕಪಿಲೆ ಹೊಡೆದವನದು. ಆದರೆ ಅವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

1761ರಲ್ಲಿ ಶಿರಾ ಹೈದರನ ಕೈಸೇರಿತು. ಮುಂದೆ ಟಿಪ್ಪು ಅಲ್ಲಿಯ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ, ಶ್ರೀರಂಗಪಟ್ಟಣದ ಬಳಿ ತಾನು ಕಟ್ಟಿಸಿದ ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ಗ್ಯಾಸೆಟಿಯರು ಹೇಳುತ್ತದೆ. ಗಿಡವನ್ನು ಬೇರೆಡೆ ನೆಡುವಾಗ ತೋಟಗಾರ ಬೇರಿನೊಡನೆ ಒಂದು ಹಿಡಿ ಮಣ್ಣನ್ನೂ ಒಯ್ಯುತ್ತಾನೆ. ಆ ಕುಟುಂಬಗಳಿಗೆ ಅಷ್ಟಾದರೂ ದಕ್ಕಿತೇ? ಜನರನ್ನು ಕಳೆದುಕೊಂಡ ಶಿರಾ ಮತ್ತೆ ಹಳೆಯ ವೈಭವವನ್ನು ಕಾಣಲಿಲ್ಲ. ದಿಲಾವರ್ ಖಾನನ ಅರಮನೆಯೂ ಪಾಳುಬಿದ್ದಿತು.

ಅತ್ತ ಲಾಲ್‌ಬಾಗ್ ಮಾತ್ರ ಬೆಳೆಯಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ, ಇಂದು 240 ಎಕರೆಗಳಲ್ಲಿ ಹರಡಿಕೊಂಡಿದೆ. ಆಳಿದವರು ಬದಲಾದರೂ ನೀರೆರೆಯುವ ಕೈಗಳು ಅಲ್ಲಿ ತಪ್ಪಲಿಲ್ಲ.

ವಾಚಕರೇ, ಮಕ್ಕಳೊಡನೆ ಲಾಲ್‌ಬಾಗಿಗೆ ಹೋದಾಗ ಗಾಜಿನ ಮನೆಯನ್ನಷ್ಟೇ ತೋರಿಸಿ ಹಿಂದಿರುಗಬೇಡಿ. ನಮ್ಮ ಬಯಲುಸೀಮೆಯ ಅಂಚಿನ ಶಿರಾವನ್ನು ನೆನೆಯಿರಿ. ಕಪಿಲೆ ಹೊಡೆದವರನ್ನೂ, ಊರು ಬಿಟ್ಟು ನಡೆದವರನ್ನೂ ಅವರಿಗೆ ಹೇಳಿರಿ. ಮನೆಗೆ ಮರಳಿದ ಮೇಲೆ ಅಂಗಳದ ಬೇವಿನ ಸಸಿಗೆ ಒಂದು ಕೊಡ ನೀರು ಹಾಕಲು ಅವರನ್ನೇ ಕಳುಹಿಸಿರಿ.