ಗೋಡೆಯ ದೇವರು, ಮೂಲೆಯ ಸಹಿ

ಕಲಬುರಗಿಯ ಅಂಗಡಿಯಿರಲಿ, ಕಮಲಾಪುರದ ಮನೆಯ ಪಡಸಾಲೆಯಿರಲಿ, ಗೋಡೆಯ ಮೇಲೆ ದೇವರ ಕ್ಯಾಲೆಂಡರ್ ಹೊಸದಲ್ಲ. ಆ ಕಲೆಗೆ ಹೊಸ ರೂಪ ಕೊಟ್ಟ ಪ್ರಮುಖರಲ್ಲಿ ಒಬ್ಬರು ಇದೇ ನೆಲದ ಎಸ್.ಎಂ. ಪಂಡಿತರೆಂದು ಎಷ್ಟು ಮಂದಿ ಬಲ್ಲರು?

1916ರಲ್ಲಿ ಕಲಬುರಗಿಯ ಲೋಹಕುಶಲಿಗಳ ಮನೆತನದಲ್ಲಿ ಜನಿಸಿದ ಪಂಡಿತರು ಮದರಾಸು, ಮುಂಬಯಿಗಳಲ್ಲಿ ಚಿತ್ರಕಲೆ ಕಲಿತರು. ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನು ರಚಿಸಿ ಹೆಸರಾದರು. ಸಿನಿಮಾದ ನೆರಳು-ಬೆಳಕನ್ನು ಪುರಾಣ ಪಾತ್ರಗಳಿಗೆ ತಂದರು. ತುಂಬಿದ ಮೈಕಟ್ಟಿನ ಅವರ ದೇವತೆಗಳಲ್ಲಿ ಮನೆತನದ ಲೋಹದ ಹೊಳಪೂ ಇದೆಯೆಂದರೆ ತಪ್ಪಾಗಲಾರದು.

ಪಂಡಿತರು 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಕ್ಯಾಲೆಂಡರ್ ಕಲೆಯೆಂದರೆ ಅಗ್ಗದ್ದೆಂದು ಮೂಗು ಮುರಿದವರುಂಟು. ಆದರೆ ಚಿತ್ರಶಾಲೆಯ ಮೆಟ್ಟಿಲನ್ನೇ ಹತ್ತದವರು ವರ್ಷ ಮುಗಿದ ಮೇಲೂ ಆ ಚಿತ್ರಗಳಿಗೆ ಕಟ್ಟು ಹಾಕಿಸಿ ಕೈಮುಗಿದರು. ಮೂಲೆಯ ಸಹಿಯನ್ನು ಓದುವುದಷ್ಟೇ ಬಾಕಿ.