ಗಣಕದ ನೆನಪಿಗೆ ಗಿಡಮರಗಳ ಆಸರೆ

ಮೂಡಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳನ್ನು ಶತಮಾನಗಳ ಕಾಲ ಹೊತ್ತು ನಿಂತದ್ದು ತಾಳೆಯ ಗರಿ. ಗಣಕಯಂತ್ರದ ನೆನಪೂ ಒಂದು ಕಾಲದಲ್ಲಿ ಸಸ್ಯವನ್ನೇ ಆಶ್ರಯಿಸಿತ್ತೆಂಬುದು ಅನೇಕರಿಗೆ ತಿಳಿದಿರಲಾರದು.

ಜರ್ಮನಿಯ ಡ್ರೆಸ್ಡೆನ್ ನಗರದ ಫ್ರಿಟ್ಸ್ ಫ್ಲೋಯ್ಮರ್ ಸಿಗರೇಟಿನ ಕಾಗದದ ಮೇಲೆ ಹೊಂಬಣ್ಣದ ಲೋಹಪಟ್ಟಿಯನ್ನು ಮೂಡಿಸುವುದರಲ್ಲಿ ಪಳಗಿದ್ದನು. ಅದೇ ವಿದ್ಯೆಯಿಂದ ಕಾಗದಕ್ಕೆ ಕಬ್ಬಿಣದ ಪುಡಿಯನ್ನು ಲೇಪಿಸಿ, ಧ್ವನಿಯನ್ನು ಹಿಡಿದಿಡುವ ಉಪಾಯಕ್ಕೆ 1928ರಲ್ಲಿ ಪೇಟೆಂಟ್ ಪಡೆದನು. ವ್ಯಸನದ ವ್ಯಾಪಾರದಿಂದ ಇಂಥದೊಂದು ಹುಟ್ಟಿದ್ದು ವಿಚಿತ್ರವೇ ಸರಿ. ಕಾಗದವು ಬೇಗ ಹರಿಯುತ್ತಿದ್ದುದರಿಂದ 1930ರ ದಶಕದಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯು ಸೆಲ್ಯುಲೋಸ್ ಅಸಿಟೇಟಿನ ಪಟ್ಟಿಯನ್ನು ತಯಾರಿಸಿತು. ಸೆಲ್ಯುಲೋಸ್ ಎಂದರೆ ಹತ್ತಿಯ ನಾರಿನಲ್ಲಿಯೂ ಮರದ ತಿರುಳಿನಲ್ಲಿಯೂ ಇರುವ ಸಾರ. 1951ರ ಯೂನಿವ್ಯಾಕ್ ಗಣಕವು ಲೋಹದ ಪಟ್ಟಿಯನ್ನು ಬಳಸಿದರೆ, 1952ರಲ್ಲಿ ಬಂದ ಐ.ಬಿ.ಎಂ. 726 ಯಂತ್ರವು ಅಸಿಟೇಟ್ ಪಟ್ಟಿಯನ್ನೇ ಆರಿಸಿಕೊಂಡಿತು.

ಆದರೆ ಸೆಕೆ ಮತ್ತು ತೇವಗಳಲ್ಲಿ ಅಸಿಟೇಟ್ ಕ್ರಮೇಣ ವಿಘಟನೆಗೊಂಡು ವಿನೆಗರಿನ ಹುಳಿವಾಸನೆ ಬೀರುತ್ತದೆ. ಹೊರಬಿದ್ದ ಆಮ್ಲವೇ ಉಳಿದ ಭಾಗವನ್ನೂ ಕೆಡಿಸುತ್ತದೆ. ಮುಂದೆ ಅದರ ಸ್ಥಾನಕ್ಕೆ ಖನಿಜತೈಲಜನ್ಯ ಪಾಲಿಯೆಸ್ಟರ್ ಬಂದಿತು.

ಈಚೆಗೆ ವಿಜ್ಞಾನಿಗಳು ಮತ್ತೆ ಸಸ್ಯದತ್ತ ತಿರುಗಿದ್ದಾರೆ. 2014ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು ಸೆಲ್ಯುಲೋಸಿನ ಅತಿಸೂಕ್ಷ್ಮ ಎಳೆಗಳ ಕಾಗದದಲ್ಲಿ ಬೆಳ್ಳಿಯ ಕಣಗಳನ್ನು ಸೇರಿಸಿ, ಮಡಿಚಬಲ್ಲ ಸ್ಮೃತಿಸಾಧನವನ್ನು ರಚಿಸಿದರು. ವಿದ್ಯುತ್ತು ಹರಿಯಲು ಎದುರಾಗುವ ತಡೆಯನ್ನು ಹೆಚ್ಚಿಸಿ ತಗ್ಗಿಸುವುದೇ ಅದರ ಬರವಣಿಗೆ. 2022ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೇನನ್ನು ಗಟ್ಟಿಯಾಗಿಸಿ, ಎರಡು ಲೋಹಪದರಗಳ ನಡುವೆ ಇರಿಸಿ ಇಂಥದೇ ಸಾಧನವನ್ನು ಮಾಡಲಾಯಿತು.

ಎರಡಕ್ಕೂ ‘ನೈಸರ್ಗಿಕ’ವೆಂಬ ಒಂದೇ ಹಣೆಪಟ್ಟಿ. ಶ್ರಾವಕನ ಲೆಕ್ಕದಲ್ಲಿ ಅವು ಬೇರೆ ಬೇರೆ ಖಾತೆಗಳು. ಸಸ್ಯವು ಏಕೇಂದ್ರಿಯ ಸ್ಥಾವರ ಜೀವ. ಜೇನಿನ ಹಿಂದೆ ಇರುವುದು ತ್ರಸಜೀವಗಳ ಪೀಡೆ. ಮಧುತ್ಯಾಗವು ಅಷ್ಟಮೂಲಗುಣಗಳಲ್ಲಿ ಒಂದೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆ ತ್ಯಾಗವು ಸೇವನೆಗೆ ಮಾತ್ರ ಅನ್ವಯಿಸುತ್ತದೆ, ಯಂತ್ರಕ್ಕಲ್ಲ ಎಂದು ವಾದಿಸಬಹುದು. ಆದರೆ ಗೂಡು ಕಳೆದುಕೊಂಡ ನೊಣಕ್ಕೆ ಆ ಭೇದವಿಲ್ಲ. ಇತ್ತ, ಜೇನಿನ ಆ ಪದರವು ನೀರಿನಲ್ಲಿ ಕರಗಿಹೋಗುವುದೆಂಬ ಗುಣವನ್ನೂ, ಪಾಲಿಯೆಸ್ಟರ್ ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುವುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾಗುತ್ತದೆ.