ಸ್ಲೀವ್‌ಮೋರ್: ಬೆಟ್ಟದ ತಪ್ಪಲಿನ ನಿರ್ಜನ ಗ್ರಾಮ

ಐರ್ಲೆಂಡ್‌ನ ಪಶ್ಚಿಮದಂಚಿನ ಮೇಯೊ ಕೌಂಟಿಗೆ ಸೇರಿದ ಅಕಿಲ್, ಆ ದೇಶದ ಕರಾವಳಿ ದ್ವೀಪಗಳಲ್ಲೆಲ್ಲ ದೊಡ್ಡದು. ಅಲ್ಲಿ 671 ಮೀಟರ್ ಎತ್ತರದ ಸ್ಲೀವ್‌ಮೋರ್ ಬೆಟ್ಟದ ದಕ್ಷಿಣ ಇಳಿಜಾರಿನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಛಾವಣಿಯಿಲ್ಲದ ಕಲ್ಲುಮನೆಗಳ ಸಾಲು ಹಬ್ಬಿದೆ. ಉಳಿದಿರುವುದು 80ರಿಂದ 100 ಮನೆಗಳ ಅವಶೇಷ. ಕರ್ನಾಟಕದ ಕಂದಾಯ ದಾಖಲೆಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ಬೇಚರಾಕ್ ಗ್ರಾಮ.

1838ರ ಸರ್ವೆ ನಕ್ಷೆಯಲ್ಲಿ ಇಲ್ಲಿ 137 ಮನೆಗಳನ್ನು ಗುರುತಿಸಲಾಗಿತ್ತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಈ ಮನೆಗಳಲ್ಲಿ ಬಹುತೇಕವು ಒಂದೇ ಕೋಣೆಯವು. ಒಂದು ತುದಿಯಲ್ಲಿ ಒಲೆ ಮತ್ತು ಕುಟುಂಬ, ಇನ್ನೊಂದು ತುದಿಯಲ್ಲಿ ದನಕರು. ರಾಸುಗಳನ್ನು ಕಟ್ಟುತ್ತಿದ್ದ ಕಲ್ಲಿನ ಬಳೆಗಳು ಕೆಲವು ಗೋಡೆಗಳಲ್ಲಿ ಇನ್ನೂ ಉಳಿದಿವೆ.

ಭೂಮಿ ಒಬ್ಬೊಬ್ಬರ ಪ್ರತ್ಯೇಕ ಹಿಡುವಳಿಯಾಗಿರಲಿಲ್ಲ. ‘ರನ್‌ಡೇಲ್’ ಎಂಬ ಪದ್ಧತಿಯಂತೆ ಗ್ರಾಮಸ್ಥರು ಒಟ್ಟಾಗಿ ಗೇಣಿಗೆ ಪಡೆದು, ಫಲವತ್ತಾದ ನೆಲವೂ ಬರಡು ನೆಲವೂ ಎಲ್ಲರಿಗೂ ಸಿಗುವಂತೆ ಪಟ್ಟಿಗಳಾಗಿ ಹಂಚಿಕೊಳ್ಳುತ್ತಿದ್ದರು. ಕಡಲಕಳೆಯೇ ಗೊಬ್ಬರ. ಬೆಳೆ ಎಂದರೆ ಮುಖ್ಯವಾಗಿ ಆಲೂಗಡ್ಡೆ. ತುಂಡು ಭೂಮಿಯಲ್ಲಿ ಇಡೀ ಸಂಸಾರವನ್ನು ಸಾಕಬಲ್ಲ ಬೆಳೆ ಅದೊಂದೇ ಆಗಿತ್ತು. ಅಪಾಯ ಅಡಗಿದ್ದುದೂ ಅಲ್ಲಿಯೇ.

1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿತು. ಮುಂದಿನ ವರ್ಷಗಳ ಮಹಾಕ್ಷಾಮದಲ್ಲಿ ಐರ್ಲೆಂಡ್‌ನಾದ್ಯಂತ ಸುಮಾರು 10 ಲಕ್ಷ ಜನ ಸತ್ತರು, ಸರಿಸುಮಾರು ಅಷ್ಟೇ ಮಂದಿ ದೇಶ ಬಿಟ್ಟರು. ಕಾಲು ಎಕರೆಗಿಂತ ಹೆಚ್ಚು ಭೂಮಿ ಇದ್ದವರಿಗೆ ಸರ್ಕಾರಿ ಪರಿಹಾರವಿಲ್ಲ ಎಂಬ 1847ರ ನಿಯಮದಿಂದಾಗಿ, ಅನ್ನಕ್ಕಾಗಿ ನೆಲವನ್ನೇ ಬಿಟ್ಟುಕೊಡಬೇಕಾದ ಸ್ಥಿತಿ ಬಡ ಗೇಣಿದಾರರದಾಯಿತು.

ಆದರೆ ಊರು ಬರಿದಾದದ್ದು ಕ್ಷಾಮವೊಂದರಿಂದಲೇ ಎನ್ನುವುದು ಪೂರ್ಣ ಸತ್ಯವಲ್ಲ. ಪ್ರಾಟೆಸ್ಟೆಂಟ್ ಪಾದ್ರಿ ಎಡ್ವರ್ಡ್ ನ್ಯಾಂಗಲ್ 1830ರ ದಶಕದಲ್ಲಿ ಸಮೀಪದ ಡೂಗರ್ಟ್‌ನಲ್ಲಿ ಮಿಷನ್ ವಸಾಹತು ಸ್ಥಾಪಿಸಿದ್ದರು. ಕ್ಷಾಮಕಾಲದಲ್ಲಿ ಈ ಮಿಷನ್ ಜನರಿಗೆ ಆಹಾರ, ಉದ್ಯೋಗ ನೀಡಿದ್ದು ನಿಜ. ಹಸಿವನ್ನೇ ಮತಾಂತರದ ಸಾಧನ ಮಾಡಿಕೊಂಡಿತೆಂಬ ಕ್ಯಾಥೊಲಿಕ್ ಪಾದ್ರಿಗಳ ಆರೋಪವೂ ಅಷ್ಟೇ ಪ್ರಬಲವಾಗಿತ್ತು. 1850ರ ದಶಕದ ಆರಂಭದಲ್ಲಿ ದ್ವೀಪದ ಬಹುಭಾಗ ಭೂಮಿ ಮಿಷನ್ ಒಡೆತನಕ್ಕೆ ಬಂತು. ಗೇಣಿಯ ಹೊರೆ, ಒಕ್ಕಲೆಬ್ಬಿಸುವಿಕೆ, ಹುಲ್ಲುಗಾವಲಿನ ನಷ್ಟ ಒಂದರ ಹಿಂದೊಂದು ಬಂದೆರಗಿದವು. ಹಲವರು ಹಡಗು ಹತ್ತಿದರೆ, ಇನ್ನು ಕೆಲವರು ಮೀನು ಸಿಗುವ ಡೂಆ ಎಂಬ ಕಡಲತೀರದ ಊರಿಗೆ ಇಳಿದರು.

ಹೀಗೆ ಇಳಿದವರು ಹಳೆಯ ಮನೆಗಳನ್ನು ಒಮ್ಮೆಗೇ ತೊರೆಯಲಿಲ್ಲ. ಬೇಸಿಗೆಯಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಬಂದು, ಅಲ್ಲಿಯೇ ತಂಗಿ, ಹಾಲು ಕರೆದು ಬೆಣ್ಣೆ ತೆಗೆಯುವ ‘ಬೂಲಿ’ ಪದ್ಧತಿ ಅಲ್ಲಿ 1940ರ ದಶಕದವರೆಗೂ ನಡೆಯಿತು. ಐರ್ಲೆಂಡ್‌ನ ಬೇರೆಡೆಗಳಲ್ಲಿ ಅದು ಬಹುಮಟ್ಟಿಗೆ ಕಣ್ಮರೆಯಾಗಿ ಎಷ್ಟೋ ಕಾಲವಾಗಿತ್ತು.

1950ರ ದಶಕದಲ್ಲಿ ಅಕಿಲ್‌ಗೆ ಬಂದ ಜರ್ಮನ್ ಲೇಖಕ ಹೈನ್‌ರಿಷ್ ಬೋಲ್, 1957ರಲ್ಲಿ ಪ್ರಕಟವಾದ ತಮ್ಮ ಐರಿಷ್ ಪ್ರವಾಸ ಕೃತಿಯ ಒಂದು ಅಧ್ಯಾಯವನ್ನು ಈ ಪಾಳು ಊರಿಗೆ ಮೀಸಲಿಟ್ಟರು. ಬೋಲ್ ಅವರಿಗೆ 1972ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1991ರಿಂದ ಪುರಾತತ್ತ್ವ ಕ್ಷೇತ್ರಶಾಲೆಯೊಂದು ಇಲ್ಲಿ ಉತ್ಖನನ ಕೈಗೊಂಡಿತು. ಸುತ್ತಲಿನ ಬೃಹತ್‌ಶಿಲಾ ಗೋರಿಗಳು ಈ ಇಳಿಜಾರಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಜನವಸತಿ ಇದ್ದುದನ್ನು ತಿಳಿಸುತ್ತವೆ. ಆಲೂಗಡ್ಡೆಗೆಂದು ಎಬ್ಬಿಸಿದ ಏರಿಗಳು ಮಾತ್ರ ಹುಲ್ಲಿನಡಿಯಲ್ಲಿ ಹಾಗೆಯೇ ಇವೆ. ಸಂಜೆಯ ಓರೆಬಿಸಿಲಿನಲ್ಲಿ ಅವು ಸ್ಪಷ್ಟವಾಗಿ ಕಾಣುತ್ತವೆ.